ಸಾಹೇಬರ ಸಾಲು

ರಾಣೆಬೆನ್ನೂರಿನ ಸುತ್ತಮುತ್ತ ಬೆಂಡೆ ಬೀಜದ ಹೊಲ ಮಾಡುವವರು ಮೂಡಣ ದಂಡೆಯ ಮೊದಲ ಸಾಲನ್ನು ಮುಟ್ಟುತ್ತಿರಲಿಲ್ಲ. ಬಿತ್ತುತ್ತಿದ್ದರು, ನೀರು ಹಾಯಿಸುತ್ತಿದ್ದರು, ಸಾಲಿನ ಮೊದಲ ಗಿಡಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಆಮೇಲೆ ಬೆಳೆ ಕಿತ್ತುಹಾಕುವವರೆಗೆ ಅದರೊಳಗೆ ಯಾರೂ ಕಾಲಿಡುತ್ತಿರಲಿಲ್ಲ. ಅದಕ್ಕೆ ಸಾಹೇಬರ ಸಾಲು ಎಂದು ಹೆಸರು. ಇದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದಾಗಿನ ಮಾತು. ಒಬ್ಬೊಬ್ಬರ ಜೇಬಿಗೂ ಮೊಬೈಲ್ ಬರತೊಡಗಿತ್ತು, ಸಾಹೇಬರ ಸಾಲು ಮಾತ್ರ ಇದ್ದಲ್ಲೇ ಇತ್ತು.

ಸಾಹೇಬರು ಅಂದರೆ ಒಬ್ಬ ವಿಜ್ಞಾನಿ. ಹಳದಿ ರೋಗ ಬಿದ್ದು ಬೆಂಡೆ ಹೊಲಗಳೆಲ್ಲ ಹಾಳಾಗುತ್ತಿದ್ದ ಕಾಲದಲ್ಲಿ ಆ ರೋಗಕ್ಕೆ ಜಗ್ಗದ ತಳಿಯೊಂದನ್ನು ಮಾಡಿಕೊಟ್ಟವರು. ದೊಡ್ಡ ಊರುಗಳಲ್ಲಿ ಅವರಿಗೆ ಶಾಲು ಹೊದಿಸಿದರು, ನಮ್ಮ ಕಡೆಯವರು ಅಷ್ಟಕ್ಕೆ ಬಿಡಲಿಲ್ಲ, ದೇವರು ಮಾಡಿದರು. ಕಣ್ಣಿಗೆ ವಸ್ತ್ರ ಕಟ್ಟಿ ಬೀಜ ಮೂಸಲು ಕೊಟ್ಟರೆ ಇಂಥ ಊರಿನ ಮಣ್ಣಿನದು ಅನ್ನುತ್ತಿದ್ದರಂತೆ. ರೋಗ ಬೀಳುವ ಹಿಂದಿನ ದಿನ ಅವರ ಅಂಗೈ ಹಳದಿಯಾಗುತ್ತಿತ್ತಂತೆ. ತೀರಿಕೊಂಡ ಮೇಲೂ ಇಳಿಹೊತ್ತಿಗೆ ಬಿಳಿ ಟೋಪಿ ಹಾಕಿಕೊಂಡು ತಮ್ಮ ಸಾಲಿಗೆ ಬಂದು ಒಂದೊಂದೇ ಹೂವು ಮುಟ್ಟಿ ಹೋಗುತ್ತಾರಂತೆ. ಅವರ ಹಿಂದೆ ಒಬ್ಬ ಹೆಂಗಸು ಹೂವು ಎಣಿಸುತ್ತ ಬರುತ್ತಾಳಂತೆ.

ಆ ಹೆಂಗಸು ನನ್ನ ಅವ್ವ.

ನಾನು ಮೂರು ವರ್ಷದವಳಿದ್ದಾಗ ಅವ್ವ ರಾಣೆಬೆನ್ನೂರಿನ ಹತ್ತಿರ ಸಾಹೇಬರ ಹೊಲದಲ್ಲಿ ಸತ್ತಳು. ಅಪ್ಪ ಅಲ್ಲಿ ಬೆನ್ನಿಗೆ ಪಂಪು ಹೊತ್ತು ಎಣ್ಣೆ ಹೊಡೆಯುತ್ತಿದ್ದ. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣೆ ಅಂತಲೇ ಹೆಸರು. ಅವ್ವ ಹೂವಿನ ಕೆಲಸ ಮಾಡುತ್ತಿದ್ದಳು. ಬೇಡವೆಂದರೂ ಕೇಳದೆ ಸಾಹೇಬರ ಸಾಲಿನೊಳಗೆ ಹೋದಳು, ಮಧ್ಯಾಹ್ನದ ಹೊತ್ತಿಗೆ ಬಿದ್ದಳು. ನಾನು ಬೆಳೆದದ್ದು ಈ ಮಾತನ್ನು ಕೇಳುತ್ತ. ಅಪ್ಪ ನನ್ನನ್ನು ನಮ್ಮೂರು ಅಗಡಿಗೆ, ತನ್ನ ಅವ್ವನ ಹತ್ತಿರ ತಂದುಬಿಟ್ಟ. ಅಜ್ಜಿ ನನ್ನನ್ನು ಚೆನ್ನಾಗಿಯೇ ಸಾಕಿದಳು, ಆದರೆ ನಾನು ಹಟ ಮಾಡಿದಾಗಲೆಲ್ಲ ನಿಮ್ಮವ್ವನೂ ಹಿಂಗಽ ಮಾತು ಕೇಳಲಿಲ್ಲ ಅನ್ನುತ್ತಿದ್ದಳು. ಅಪ್ಪ ಅವ್ವನ ವಿಷಯಕ್ಕೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ.

ಮಾನೋಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರೇರ ಹಬ್ಬ. ಸತ್ತವರ ಹೆಸರಿನಲ್ಲಿ ಹೊಸ ಸೀರೆ, ಧೋತರ ಇಟ್ಟು, ಮುಂದೆ ಎಲೆ ಹಾಕಿ ಎಡೆ ಬಡಿಸುತ್ತಾರೆ. ನಮ್ಮ ಮನೆಯಲ್ಲಿ ಅಜ್ಜನಿಗೆ ಎಡೆ ಇತ್ತು, ಆಮೇಲೆ ಅಜ್ಜಿಗೂ ಬಂತು. ಅವ್ವನಿಗೆ ಮಾತ್ರ ಇರಲಿಲ್ಲ. ಮುತ್ತೈದೆಯಾಗಿ ಹೋದವಳು, ಆಕೆಗೇ ಮೊದಲ ಎಡೆ ಸಲ್ಲಬೇಕಿತ್ತು. ಆಕೆ ಇನ್ನೂ ಸಾಲಿನೊಳಗೇ ಇದ್ದಾಳೆ, ಮನೆಗೆ ಬರುವವಳಲ್ಲ ಎಂದು ಅಜ್ಜಿ ಹೇಳಿದ್ದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಚಹಾ ಕುಡಿದು, ಸಾಲು ದಾಟಿದವಳ ಮಗಳು ಅಂತ ತಿಳಿದ ಮೇಲೆ ಉತ್ತರ ಕಳಿಸುತ್ತಿರಲಿಲ್ಲ. ಅದರಿಂದ ನನಗೇನೂ ನಷ್ಟವಾಗಿಲ್ಲ ಅಂತ ಈಗಲೂ ಹೇಳಿಕೊಳ್ಳುತ್ತೇನೆ, ಅರ್ಧ ನಿಜ. ಅವ್ವನಿಗೆ ಒಂದು ಎಲೆ ಇಲ್ಲದ್ದು ಮಾತ್ರ ನನ್ನನ್ನು ಸುಡುತ್ತಿತ್ತು.

ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದಿನಾ ಅಗಡಿಯಿಂದ ಬಸ್ಸಿಗೆ ಹೋಗಿಬರುವುದು. ಒಂದು ಜನವರಿಯಲ್ಲಿ ಹೆಡ್‌ಮಾಸ್ತರರು ಕರೆದು, ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಸಾಹೇಬರ ಫೋಟೊ ಹಾಕೋಣ, ಅವರ ಮೇಲೆ ಹತ್ತು ನಿಮಿಷದ ಭಾಷಣ ನೀವೇ ಬರೆಯಿರಿ, ಕಟ್ಟುಕಥೆ ಬೇಡ, ಖರೇದು ಮಾತ್ರ ಬೇಕು ಅಂದರು. ನಾನು ಯಾರ ಮಗಳು ಎಂದು ಅವರಿಗೆ ಗೊತ್ತಿರಲಿಲ್ಲ. ಆಗಲಿ ಸರ್ ಅಂದೆ. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಸಾಲು ಮೊದಲೋ, ಅವ್ವನ ಸಾವು ಮೊದಲೋ? ಸಾಲಿನ ನೇಮ ಮೊದಲೇ ಇದ್ದಿದ್ದರೆ ಆಕೆ ಅದನ್ನು ಮುರಿದಳು, ಸರಿ. ಆಕೆ ಸತ್ತ ಮೇಲೆ ಹುಟ್ಟಿದ್ದಾದರೆ ಆಕೆ ಮುರಿದದ್ದಾದರೂ ಏನನ್ನು? ಮಗಳಾಗಿ ಹೋಗಿ ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ಸಾಹೇಬರ ಬಗ್ಗೆ ಬರೆಯುವ ಶಾಲೆಯ ಅಕ್ಕೋರು ಎಂದರೆ ಕುರ್ಚಿ ಹಾಕುತ್ತಾರೆ.

ಮೊದಲು ಹೋದದ್ದು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಗೆ. ಗಲ್ಲಾಪೆಟ್ಟಿಗೆಯ ಮೇಲೆ ಸಾಹೇಬರ ಫೋಟೊ, ಅದಕ್ಕೆ ಚಂಡುಹೂವಿನ ಮಾಲೆ, ಮುಂದೆ ಊದಿನಕಡ್ಡಿ. ಫೋಟೊದಲ್ಲಿ ಸಾಹೇಬರ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಮೂಗು ಮುಚ್ಚುವ ಹಾಗೆ ಒಂದು ಕರವಸ್ತ್ರವನ್ನು ಮುಖಕ್ಕೆ ಕಟ್ಟಿಕೊಂಡು ಕಣ್ಣು ಮಾತ್ರ ತೋರಿಸುತ್ತಿದ್ದರು. ದೇವರಾದವರ ಫೋಟೊ ಹೀಗಿರುವುದು ನಾನು ಬೇರೆಲ್ಲೂ ನೋಡಿಲ್ಲ. ಅಂಗಡಿಯ ಮಾಲಕರು ಉತ್ಸಾಹದಿಂದ ಎಲ್ಲ ಕಥೆ ಹೇಳಿದರು. ಸಾಲಿನ ನೇಮ ಸಾಹೇಬರೇ ಹಾಕಿದ್ದು, ಮೊದಲ ವರ್ಷದಿಂದಲೇ ಇತ್ತು ಅಂದರು. ನೀವು ಕಂಡಿದ್ದೀರಾ ಅಂದರೆ, ಇಲ್ಲ, ಆದರೆ ಎಲ್ಲರಿಗೂ ಗೊತ್ತಿರುವ ಮಾತಲ್ಲವೇ ಅಂದರು. ಹೊಲ ನೋಡಿಕೊಂಡು ಹೋಗಿ ಅಂತ ತಮ್ಮ ಸ್ಕೂಟರಿನಲ್ಲೇ ಕರೆದುಕೊಂಡು ಹೋದರು.

ನಾವು ಹೊಲ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹೆಣ್ಣುಮಕ್ಕಳು ಸಂಜೆಯ ಕೆಲಸದಲ್ಲಿದ್ದರು. ಮರುದಿನ ಅರಳಬೇಕಾದ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ಗಂಡುಭಾಗ ಕಿತ್ತು, ಕೆಂಪು ಕಾಗದದ ಚೀಲ ಹಾಕುವುದು. ಬೆಳಿಗ್ಗೆ ಅದನ್ನು ತೆಗೆದು ಬೇರೆ ಗಿಡದ ಪರಾಗ ಒರೆಸಿ, ತೊಟ್ಟಿಗೆ ದಾರ ಕಟ್ಟುವುದು. ದಾರವಿದ್ದ ಕಾಯಿ ಮಾತ್ರ ಬೀಜಕ್ಕೆ. ಬೆಂಡೆಯ ಸುಂಕು, ಅಂದರೆ ಅದರ ಸಣ್ಣ ಮುಳ್ಳುಕೂದಲು, ತಾಗಿ ಮೈ ತುರಿಸುತ್ತದೆಂದು ಎಲ್ಲರೂ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದರು. ನಲವತ್ತು ಹೆಂಗಸರು, ಒಂದು ಮಾತಿಲ್ಲ. ಎಲ್ಲರ ಬೆನ್ನೂ ಮೂಡಣಕ್ಕೆ.

ಸಾಹೇಬರ ಸಾಲು ಅಂಚಿನಲ್ಲಿ ಒಂಟಿಯಾಗಿ ನಿಂತಿತ್ತು. ಯಾರೂ ಕಾಯಿ ಬಿಡಿಸದೆ ಇದ್ದುದರಿಂದ ಎಲ್ಲ ಬಲಿತು, ಒಣಗಿ, ಕಂದುಬಣ್ಣಕ್ಕೆ ತಿರುಗಿ ಸೀಳಿದ್ದವು. ಗಾಳಿ ಬಂತು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಗಿಲಿಗಿಲಿ ಗಿಲಿಗಿಲಿ ಅಂತ ಒಂದು ಸದ್ದು ನಡೆದುಕೊಂಡು ಬಂತು. ಹೆಂಗಸರು ಕೈ ನಿಲ್ಲಿಸಿದರು. ಸದ್ದು ನಮ್ಮನ್ನು ದಾಟಿ ಹೋದ ಮೇಲೆ ಮತ್ತೆ ಕೆಲಸಕ್ಕೆ ತೊಡಗಿದರು. ಎಣಿಸಿಕೊಂತ ಹೋದಳು ಅಂತ ಮಾಲಕರು ಮೆಲ್ಲಗೆ ಅಂದರು.

ಒಣ ಕಾಯಿಯೊಳಗೆ ಬೀಜ ಅಲುಗಿದರೆ ಸದ್ದಾಗುತ್ತದೆ, ಇದನ್ನು ಆರನೇ ಇಯತ್ತೆಯ ಮಕ್ಕಳಿಗೂ ತಿಳಿಸಬಹುದು. ಯಾರೂ ಮುಟ್ಟದ್ದರಿಂದ ಕಾಯಿ ಒಣಗುತ್ತದೆ, ಒಣಗಿದ್ದರಿಂದ ಸದ್ದಾಗುತ್ತದೆ, ಸದ್ದಾಗುವುದರಿಂದ ಯಾರೂ ಮುಟ್ಟುವುದಿಲ್ಲ. ಇಷ್ಟನ್ನು ಅಲ್ಲೇ ನಿಂತು ಲೆಕ್ಕ ಹಾಕಿ, ಹಾಗಾದರೆ ಒಳಗೆ ಹೋಗಿ ನೋಡೇಬಿಡೋಣ ಅಂತ ಚಪ್ಪಲಿ ಬಿಟ್ಟು ಕಾಲೆತ್ತಿದೆ. ಕಾಲು ಮುಂದೆ ಹೋಗಲಿಲ್ಲ. ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದವಳ ಕಾಲು. ಅವ್ವ ಇಲ್ಲೆಲ್ಲೋ ಇದ್ದಾಳೆ ಅನ್ನಿಸಿತು, ಮತ್ತು ಆಕೆ ನನ್ನನ್ನು ಗುರುತು ಹಿಡಿಯಲಾರಳು ಅನ್ನಿಸಿತು. ಆ ಎರಡನೆಯದಕ್ಕೇ ನಾನು ಹೆಚ್ಚು ಹೆದರಿದೆ. ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದೆ.

ಅಂಗಡಿಯ ಮಾಲಕರು ಒಂದು ಉಪಕಾರ ಮಾಡಿದರು. ಆ ಹೆಂಗಸು ಬಿದ್ದ ದಿನ ಅದೇ ಹೊಲದಲ್ಲಿ ಕೆಲಸಕ್ಕಿದ್ದ ಒಬ್ಬ ಮುದುಕಿ ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ ಎಂದು ಹೇಳಿ ಗೋದಾಮಿನ ಗುರುತು ಕೊಟ್ಟರು.

ಬ್ಯಾಡಗಿಗೆ ಹೋದ ದಿನ ಮೆಣಸಿನಕಾಯಿಯ ಸುಗ್ಗಿ ಭರದಲ್ಲಿತ್ತು. ಪೇಟೆಯ ತುಂಬ ಚೀಲ, ಚೀಲದಾಚೆ ರಾಶಿ, ಗಾಳಿಯಲ್ಲಿ ಘಾಟು. ಊರಿಗೆ ಹೊಸಬರು ಯಾರು ಅನ್ನುವುದು ಕೆಮ್ಮಿನಿಂದಲೇ ಗೊತ್ತಾಗುತ್ತದೆ, ನಾನು ಬಸ್‌ಸ್ಟ್ಯಾಂಡಿನಿಂದ ಗೋದಾಮಿನವರೆಗೂ ಕೆಮ್ಮಿದೆ. ಒಳಗೆ ಮಬ್ಬು. ಹತ್ತಿಪ್ಪತ್ತು ಹೆಂಗಸರು ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆಂಪು ರಾಶಿಯ ಸುತ್ತ ಕೂತಿದ್ದರು, ಯಾರದೂ ಮುಖ ಕಾಣುತ್ತಿರಲಿಲ್ಲ. ಅವರೊಳಗಿಂದ ಮುದುಕಿಯೊಬ್ಬಳು ಕೈ ಎತ್ತಿ, ಬರ್ರಿ ಅಕ್ಕೋರ, ಕುಂದರ್ರಿ ಅಂದಳು. ನಾನು ರಾಶಿಯ ಪಕ್ಕ ಕೂತೆ.

ಸಾಹೇಬರ ಬಗ್ಗೆ ಎರಡು ಮಾತು ಕೇಳಿ, ಆಮೇಲೆ ಆ ಹೆಂಗಸಿನ ವಿಷಯಕ್ಕೆ ಬಂದೆ. ಮುದುಕಿ ತೊಟ್ಟು ಮುರಿಯುತ್ತಲೇ ಹೇಳಿದಳು. ಆ ಹುಡುಗಿಗೆ ಇಪ್ಪತ್ತರ ಆಸುಪಾಸು, ಮೂಗಿನಲ್ಲಿ ಬೆಳ್ಳಿ ಮೂಗುತಿ. ನೀಲಿ ಗೀಟಿನ ಗಂಡನ ಅಂಗಿ ಹಾಕಿಕೊಂಡು ಬರುತ್ತಿದ್ದಳು, ತೋಳು ಉದ್ದವಾಗಿ ಬೆರಳು ಮುಚ್ಚುತ್ತಿದ್ದವು. ಕೂಸನ್ನು ಬದುವಿನ ಬನ್ನಿಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದಳು. ಈಗಲೂ ಅದೇ ಅಂಗಿಯಲ್ಲಿ ಕಾಣಿಸಿಕೊಳ್ಳುತ್ತಾಳಂತೆ ಅಂತ ಪಕ್ಕದವಳು ಸೇರಿಸಿದಳು. ನಾನು ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳ ಹಾಗೆ ಮಾಡಿದೆ. ಅವ್ವ ಹೇಗಿದ್ದಳು ಎಂದು ಮೂವತ್ತೆರಡು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಮುಖ ಮುಚ್ಚಿದ ಒಬ್ಬಳು ಗುರುತಿಲ್ಲದ ಮುದುಕಿ, ದೆವ್ವದ ವರ್ಣನೆ ಅಂತ ಹೇಳಿ, ನನಗೆ ನನ್ನ ಅವ್ವನನ್ನು ಕೊಟ್ಟಳು. ಕಣ್ಣೀರು ಬಂತು. ಗೋದಾಮಿನಲ್ಲಿ ಅಳಲು ಕಾರಣ ಕೇಳುವವರಿರಲಿಲ್ಲ, ಅಷ್ಟರಮಟ್ಟಿಗೆ ಅನುಕೂಲವಾಯಿತು.

ಆಮೇಲೆ ಮುದುಕಿ ಕೈ ನಿಲ್ಲಿಸಿ ಒಂದು ಮಾತು ಹೇಳಿದಳು.

"ದಾರ ಕಟ್ಟಿ ಕಟ್ಟಿ ಕಚ್ಚಿ ಹರೀತಿದ್ವಿ ನೋಡ್ರಿ, ಎರಡೂ ಕೈಗೆ ಕೆಲಸ ಇರ್ತೈತಿ, ಹಲ್ಲಽ ಕತ್ತರಿ. ಅವತ್ತ ಅಕಿ ಎರಡು ಸರ್ತಿ ಅಂದ್ಲು, ಯಕ್ಕಾ, ಬಾಯಿ ಕಹಿ ಆಗೇತಿ ಅಂತ. ಅದು ಹಿಡಿಯೋ ಮುಂದ ಹಂಗಽ ಕಹಿ ಆಗ್ತೈತಂತ."

ದೆವ್ವ ಹಿಡಿಯುವ ಮುನ್ನ ಬಾಯಿ ಕಹಿಯಾಗುತ್ತದೆ ಅನ್ನುವುದನ್ನು ಉಳಿದವರೆಲ್ಲ ಹೌದು ಹೌದು ಅಂದರು. ನನ್ನ ಮನಸ್ಸು ಮಾತ್ರ ಆಕೆ ಕಚ್ಚಿದ ದಾರದ ಮೇಲೇ ನಿಂತಿತು. ಸಾಲಿನ ನೇಮ ಅವತ್ತಿಗೆ ಮೊದಲೇ ಇತ್ತೇ ಎಂದು ಕೇಳಿದೆ. ಇತ್ತು ಅಂದಳು. ನಿನಗೆ ಯಾರು ಹೇಳಿದರು, ಯಾವತ್ತು ಹೇಳಿದರು ಅಂದೆ. ಮುದುಕಿ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದಳು. ಅವಳ ಮಣಿಕಟ್ಟಿನವರೆಗೂ ಮೆಣಸಿನ ಬಣ್ಣ ಹತ್ತಿತ್ತು. ಫೀಲ್ಡ್‌ಮನ್ ಹೇಳಿದ್ದ, ಅಂದರೆ ಹೊಲದ ಉಸ್ತುವಾರಿ ನೋಡುತ್ತಿದ್ದ ಸಾಹೇಬರ ಕೈಕೆಳಗಿನವನು. ಹೇಳಿದ್ದು ಅವತ್ತಿನ ಮರುದಿನ. ಅದಕ್ಕೆ ಮೊದಲು ತಾನೇ ಆ ಸಾಲಿನಲ್ಲಿ ಎರಡು ದಿನ ಕೆಲಸ ಮಾಡಿದ್ದೆನೋ ಏನೋ ಅಂದಳು, ತನ್ನ ಮಾತು ತನಗೇ ಹೊಸದು ಅನ್ನುವ ಹಾಗೆ. ಮತ್ತೆ ತೊಟ್ಟು ಮುರಿಯಲು ಶುರು ಮಾಡಿದಳು.

ಫೀಲ್ಡ್‌ಮನ್ ನಿವೃತ್ತನಾಗಿ ಹಾವೇರಿಯಲ್ಲೇ, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇದ್ದ. ನಾನು ದಿನಾ ಬಸ್ಸಿಳಿಯುವ ಜಾಗದಿಂದ ಕಾಲು ತಾಸಿನ ಹಾದಿ. ಒಬ್ಬನೇ ಇದ್ದ ಮುದುಕ, ಸ್ವಚ್ಛ ಧೋತರ, ಮನೆಯಲ್ಲಿ ಒಂದು ಟ್ರಂಕು ತುಂಬ ಹಳೇ ಹೊಲದ ಪುಸ್ತಕಗಳು. ಸಾಹೇಬರ ಬಗ್ಗೆ ಭಾಷಣ ಅಂದಕೂಡಲೇ ಖುಷಿಯಾಗಿ ಟ್ರಂಕು ತೆರೆದ. ಪ್ರತಿವರ್ಷದ ಹೊಲದ ನಕ್ಷೆ, ಸಾಲಿನ ನಂಬರು, ಯಾವ ಸಾಲಿನಲ್ಲಿ ಯಾವತ್ತು ಎಷ್ಟು ಹೂವು ಕಟ್ಟಿದರು ಎಲ್ಲ ನೀಲಿ ಶಾಯಿಯಲ್ಲಿ ಇತ್ತು. ಅವನು ಚಹಾ ಮಾಡಲು ಒಳಗೆ ಹೋದಾಗ ನಾನು ಹಾಳೆ ತಿರುವಿದೆ. ಅವ್ವ ಸತ್ತ ವರ್ಷದ ಹಿಂದಿನ ವರ್ಷ, ಒಂದನೇ ಸಾಲು, ದಿನದಿನದ ಎಣಿಕೆ ಇತ್ತು. ಅದರ ಹಿಂದಿನ ವರ್ಷವೂ ಇತ್ತು. ಅವ್ವ ಸತ್ತ ವರ್ಷದಲ್ಲಿ ಅರ್ಧದವರೆಗೆ ಇದ್ದು, ಆಮೇಲೆ ಖಾಲಿ. ಮುಂದಿನ ಎಲ್ಲ ವರ್ಷಗಳಲ್ಲೂ ಒಂದನೇ ಸಾಲಿನ ಎದುರು ಏನೂ ಬರೆದಿರಲಿಲ್ಲ.

ಸಾಲು ಮೊದಲಲ್ಲ. ಅವ್ವ ಏನನ್ನೂ ಮುರಿದಿರಲಿಲ್ಲ. ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ, ಅದು ಪೂರ್ತಿ ಒಂದು ನಿಮಿಷ ಇತ್ತು.

ಅವನು ಚಹಾ ತಂದಿಟ್ಟ. ಆ ದಿನ ಸತ್ತವಳು ಕಚ್ಚುತ್ತಿದ್ದ ದಾರ ಯಾಕೆ ಕಹಿಯಾಗಿತ್ತು ಎಂದು ಕೇಳಿದೆ. ಅವನ ಮುಖ ನೋಡಿ ನಾನು ಯಾರ ಮಗಳು ಅನ್ನುವುದನ್ನೂ ಹೇಳಿದೆ. ಮುದುಕ ಎದ್ದು ಹೋಗಿ ಮುಂಬಾಗಿಲು ಹಾಕಿದ. ಹೊರಗೆ ಹುಬ್ಬಳ್ಳಿ ಕಡೆಯ ರೈಲು ಹೋಯಿತು, ಅಡುಗೆಮನೆಯ ಪಾತ್ರೆಗಳೆಲ್ಲ ಸ್ವಲ್ಪ ಹೊತ್ತು ನಡುಗಿದವು. ಅದು ನಿಂತ ಮೇಲೆ ಅವನು ಕೇಳಿದ್ದು ಒಂದೇ.

"ನಿಮ್ಮಪ್ಪ ಅದಾನೇನವಾ ಇನ್ನ?"

ಇದ್ದಾನೆ ಅಂದೆ.

"ಹಂಗಾರ ನಾ ಹೇಳಾಂಗಿಲ್ಲ."

ಹೇಳಲಾರೆ ಅಂದಿದ್ದರಲ್ಲೇ ಅರ್ಧ ಹೇಳಿಬಿಟ್ಟಿದ್ದ. ನಾನು ಏಳಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಕೊನೆಗೆ ಅವನೇ ಗೋಡೆಯ ಕಡೆ ಮುಖ ಮಾಡಿ, ನನ್ನನ್ನು ನೋಡದೆ, ಹೇಳತೊಡಗಿದ.

ಆ ವರ್ಷ ಹೊಲದ ಶೆಡ್ಡಿನಲ್ಲಿ ಇಲಿ ಕಾಟ ಬಹಳ ಇತ್ತು. ದಾರದ ಲಡಿಗಳನ್ನು ಕಡಿದುಹಾಕುತ್ತಿದ್ದವು. ಅಪ್ಪ ಅವ್ವನ ಲಡಿಯನ್ನು ಜೋಪಾನವಾಗಿರಲಿ ಎಂದು ಎಣ್ಣೆ ಡಬ್ಬಿ ಇಡುವ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದ್ದ. ಇಲಿಯ ಹಲ್ಲಿಗೆ ಸಿಗದ ಜಾಗ ಅದೊಂದೇ. ಡಬ್ಬಿಯ ಬಿರಡೆ ಸಡಿಲಾಗಿತ್ತು. ಬೆಳಿಗ್ಗೆ ಲಡಿ ತೊಯ್ದಿತ್ತು. ರಾತ್ರಿ ಮಳೆ ಬಂದಿತ್ತಾದ್ದರಿಂದ ಶೆಡ್ಡು ಸೋರಿರಬೇಕು ಅಂದುಕೊಂಡು ಅಪ್ಪ ಅದನ್ನು ಬೇಲಿಯ ಮೇಲೆ ಒಣಗಿಸಿದ. ವಾಸನೆ ಬರಲಿಲ್ಲವೇ ಅಂದರೆ, ಆ ಶೆಡ್ಡಿನಲ್ಲಿ ಗೋಡೆಗೂ ಬಟ್ಟೆಗೂ ಅದೇ ವಾಸನೆ. ಒಣಗಿದ ಮೇಲೆ ತಾನೇ ಸಾಲಿಗೆ ಹೋಗಿ ಅವ್ವನ ಎಡಗೈಗೆ ಸುತ್ತಿ ಬಂದ. ಆಕೆ ಮಧ್ಯಾಹ್ನದವರೆಗೆ ಆ ದಾರವನ್ನು ಕಚ್ಚಿ ಹರಿದಳು. ಆಕೆ ಬಿದ್ದಾಗ ಅಪ್ಪ ಎತ್ತಿಕೊಂಡು ರೋಡಿನವರೆಗೆ ಓಡಿದ, ಗಾಡಿ ಸಿಗುವುದರೊಳಗೆ ಮುಗಿದಿತ್ತು.

ಮರುದಿನ ಸಾಹೇಬರು ಬಂದು, ಸಾಲಿನೊಳಗೆ ಬಿದ್ದಿದ್ದ ಉಳಿದ ಲಡಿಯನ್ನು ಎತ್ತಿ ಮೂಗಿಗೆ ಹಿಡಿದರು. ಬೀಜವನ್ನು ಮೂಸಿ ನೋಡುವ ರೂಢಿ ಅವರಿಗೆ ನಿಜಕ್ಕೂ ಇತ್ತಂತೆ. ಫೀಲ್ಡ್‌ಮನ್ನಿನ ಕೈಗೆ ಕೊಟ್ಟು, ಸುಡು ಅಂದರು. ಅಪ್ಪ ಬಾವಿಯ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಅಪ್ಪನಿಗೆ ಆಗ ಇಪ್ಪತ್ನಾಲ್ಕು ವರ್ಷ. ಇವನಿಗೆ ದಾರದ ವಿಷಯ ತಿಳಿದರೆ ಈಗಲೇ ಬಾವಿಗೆ ಹಾರುತ್ತಾನೆ ಎಂದು ಫೀಲ್ಡ್‌ಮನ್ನಿಗೆ ಅನ್ನಿಸಿತು. ಬಾಯಿಗೆ ಬಂದದ್ದನ್ನು ಹೇಳಿದ. ಅದು ಸಾಹೇಬರ ಸಾಲು, ಅಲ್ಲಿ ಯಾರೂ ಹೋಗಬಾರದಿತ್ತು, ಆಕೆ ಹೋದಳು, ಹಿಡಿಯಿತು ಅಂದ. ಸಾಹೇಬರು ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಅಲ್ಲ ಎನ್ನಲಿಲ್ಲ. ಆ ಮಾತಿಗೆ ಬೇಲಿ ಕಟ್ಟುವವರ ಹಾಗೆ ಅವತ್ತಿನಿಂದ ಆ ಸಾಲಿಗೆ ಯಾರನ್ನೂ ಬಿಡಲಿಲ್ಲ. ಅವ್ವ ದಾರ ಕಟ್ಟಿದ ಕಾಯಿಗಳು ದಾರದ ಸಮೇತ ಒಣಗಿ ಸೀಳಿದವು, ಅವುಗಳ ಬೀಜವನ್ನು ಯಾರೂ ತೆಗೆಯಲಿಲ್ಲ. ಸಾಹೇಬರು ಆಮೇಲೆ ಹೊಲಕ್ಕೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು, ಮತ್ತೆ ಯಾವುದನ್ನೂ ಮೂಸಿ ನೋಡಲಿಲ್ಲ. ಬೇರೆ ಹೊಲದವರು ಕಂಡರು, ತಾವೂ ಒಂದು ಸಾಲು ಬಿಟ್ಟರು. ದೇವರನ್ನು ಯಾರೂ ಕೂತು ಮಾಡಲಿಲ್ಲ, ಒಬ್ಬ ಹೆದರಿದವನ ಮಾತು, ಒಬ್ಬ ಸುಮ್ಮನಿದ್ದವನ ಬೇಸರ, ಇಷ್ಟರಲ್ಲೇ ಆಯಿತು.

ಒಂದು ಜೀವ ಉಳಿಸಿದೆನವ್ವಾ ಅಂತ ಮುದುಕ ಅಂದ. ಹೌದು ಅಂದೆ. ಉಳಿಸಲು ಸತ್ತವಳ ಮೇಲೆ ತಪ್ಪು ಹೊರಿಸಿದಿರಿ, ಆಕೆ ಎದ್ದು ಬಂದು ಇಲ್ಲ ಅನ್ನಲಾರಳಲ್ಲ ಅಂತಲೂ ಅಂದೆ. ಪೊಲೀಸರು ಎಣ್ಣೆಯ ವಿಷಯ ಕೇಳದೆ ಹೋಗಲಿ ಅನ್ನುವುದು ಸಾಹೇಬರ ಮನಸ್ಸಿನಲ್ಲಿ ಇರಲಿಲ್ಲವೇ ಎಂದೂ ಕೇಳಿದೆ. ಇತ್ತೋ ಏನೋ ಅಂದ. ಸಿಟ್ಟಿನಿಂದ ಚಹಾದ ಬಟ್ಟಲನ್ನು ಆಚೆ ಸರಿಸಿದೆ, ಆದರೆ ಬಾವಿಯ ದಂಡೆಯ ಮೇಲೆ ಕೂತ ಅಪ್ಪನ ಕಾಲುಗಳೇ ಕಣ್ಣ ಮುಂದೆ ಬರುತ್ತಿದ್ದವು. ಅಷ್ಟು ಹೊತ್ತಿಗೆ ನಾನು ಬದುವಿನ ಜೋಳಿಗೆಯಲ್ಲಿ ಮಲಗಿದ್ದಿರಬೇಕು. ಅಪ್ಪ ಹಾರಿದ್ದರೆ ನನಗೆ ಯಾರಿರುತ್ತಿದ್ದರು?

ವಿಜ್ಞಾನ ದಿನದಂದು ಹತ್ತು ನಿಮಿಷ ಮಾತಾಡಿದೆ. ತಳಿ, ರೋಗ, ಸಾಹೇಬರ ದುಡಿಮೆ. ಕಟ್ಟುಕಥೆ ಒಂದೂ ಇರಲಿಲ್ಲ, ನಿಜವೂ ಪೂರ್ತಿ ಇರಲಿಲ್ಲ. ಸಾಹೇಬರ ಸಾಲು ಖರೇನಽ ಟೀಚರ್ ಅಂತ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು. ಒಣ ಕಾಯಿಯ ಸದ್ದಿನ ವಿಷಯ ಹೇಳಿ ಕೂರಿಸಿದೆ.

ಏಳು ತಿಂಗಳು ನಾನು ಬಾಯಿ ಬಿಡಲಿಲ್ಲ. ದಿನಾ ಸಂಜೆ ಬಂದು ಅಪ್ಪನಿಗೆ ರೊಟ್ಟಿ ಬಡಿಯುತ್ತಿದ್ದೆ, ಅವನು ಊಟ ಮಾಡುವ ಮುನ್ನ ಕೈಯನ್ನು ಬಹಳ ಹೊತ್ತು ತೊಳೆಯುವುದನ್ನು ನೋಡುತ್ತಿದ್ದೆ. ಮೊದಲಿನಿಂದಲೂ ಹಾಗೇ ತೊಳೆಯುತ್ತಿದ್ದ, ಈಗ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವ್ವನ ತಪ್ಪಿಲ್ಲ ಎನ್ನಬೇಕಾದರೆ ಅಪ್ಪನ ತಪ್ಪು ಹೇಳಬೇಕು. ಹೇಳದೆ ಹೋದರೆ ಅವ್ವನಿಗೆ ಎಲೆ ಇಲ್ಲ. ಇಬ್ಬರ ನಡುವೆ ನನ್ನನ್ನು ನಿಲ್ಲಿಸಿದ ಆ ಮುದುಕನನ್ನು ಬೈದುಕೊಂಡೆ, ಹುಡುಕಿಕೊಂಡು ಹೋದವಳು ನಾನೇ ಅನ್ನುವುದೂ ನೆನಪಿತ್ತು.

ಮಾನೋಮಿ ಅಮಾವಾಸ್ಯೆ ಬಂತು. ಹಾವೇರಿಯಿಂದ ಒಂದು ಹಸಿರು ಇಳಕಲ್ ಸೀರೆ, ಖಣ, ಹಸಿರು ಬಳೆ ತಂದೆ. ಹೋಳಿಗೆ ಮಾಡಿದೆ. ಅಜ್ಜ ಅಜ್ಜಿಯ ಎಲೆಗಳ ಪಕ್ಕ ಮೂರನೇ ಎಲೆ ಹಾಕಿ ಸೀರೆ ಇಟ್ಟೆ. ಅಪ್ಪ ಸ್ನಾನ ಮಾಡಿ ಬಂದು ಎಲೆ ನೋಡಿ ಅಲ್ಲೇ ನಿಂತ. ಇದು ಯಾರಿಗೆ ಎಂದು ಕೇಳಲಿಲ್ಲ. ನಾನು ಕಲಿತ ಪಾಠ ಒಪ್ಪಿಸುವವಳ ಹಾಗೆ ಹೇಳಿದೆ. ಅವ್ವನ ತಪ್ಪಿರಲಿಲ್ಲ, ಹೊಲದ ಪುಸ್ತಕ ನೋಡಿ ಬಂದಿದ್ದೇನೆ, ಸಾಲಿನ ನೇಮ ಆಕೆ ಸತ್ತ ಮೇಲೆ ಬಂದದ್ದು. ಹಾಗಾದರೆ ಹೇಗೆ ಸತ್ತಳು ಎಂದು ಅಪ್ಪ ಕೇಳಿದ. ಏಳು ತಿಂಗಳು ಯೋಚಿಸಿ ಇಟ್ಟುಕೊಂಡಿದ್ದ ಸುಳ್ಳನ್ನು ತೆಗೆದೆ. ಹಾವು ಕಚ್ಚಿತ್ತಂತೆ ಅಂದೆ.

ಅಪ್ಪ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಸೀರೆಯನ್ನು ಮುಟ್ಟಲಿಲ್ಲ.

"ನಾನಽ ಎತ್ಕೊಂಡು ಓಡೇನಿ ಅಕಿನ್ನ. ಹಾವಿನ ಹಲ್ಲು ಎಲ್ಲೂ ಮೂಡಿರ್ಲಿಲ್ಲ. ಅವತ್ತ ಸಂಜಿ ಲಡಿ ಸುತ್ತಿದ ನನ್ನ ಕೈ ನಾ ಮೂಸಿ ನೋಡ್ಕೊಂಡೆ. ಮರುದಿನ ಅವರು ಸಾಲಿಂದು ಹೇಳೋ ಹೊತ್ತಿಗೆ ನಂಗೆಲ್ಲಾ ಗೊತ್ತಿತ್ತು."

ಅವನಿಗೆ ಗೊತ್ತಿತ್ತು. ಮೂವತ್ತು ವರ್ಷ ಅಜ್ಜಿ ಅಂದದ್ದನ್ನು, ಊರು ಅಂದದ್ದನ್ನು ಕೇಳುತ್ತ ಸುಮ್ಮನಿದ್ದ. ಆ ಕ್ಷಣಕ್ಕೆ ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಗೊತ್ತಿದ್ದೂ ಒಂದು ಎಲೆ ಹಾಕಲಿಲ್ಲವಲ್ಲ ಎಂದು ಕೇಳಿಯೇಬಿಟ್ಟೆ, ಆಕೆ ಬರುವವಳಲ್ಲ ಎಂದು ಅಜ್ಜಿ ಹೇಳಿದ್ದನ್ನು ನಂಬಿದ್ದೆಯಾ ಅಂದೆ.

"ಬರೂದಿಲ್ಲ ಅಂತಲ್ಲವಾ. ಕರದ್ರ ಬಂದಬಿಡ್ತಿದ್ಲು. ನಾ ಯಾವ ಮಾರಿ ತೋರಿಸ್ಲಿ?"

ಸಿಟ್ಟು ಹೋಯಿತು ಅನ್ನಲಾರೆ, ಅದು ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಅಪ್ಪನೂ ಇದ್ದ. ಎಡೆ ಬಡಿಸಿದೆ. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಅಪ್ಪ ಲೋಬಾನದ ಹೊಗೆ ಹಾಕಿ ಅಜ್ಜನನ್ನು ಕರೆದ, ಅಜ್ಜಿಯನ್ನು ಕರೆದ. ಮೂರನೇ ಎಲೆಯ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ಅವ್ವನ ಹೆಸರು ಹಿಡಿದು ಬಾ ಅಂದ. ಆ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೊಗೆ ನೆಟ್ಟಗೆ ಏಳುತ್ತಿದ್ದದ್ದು ಒಮ್ಮೆ ಬಾಗಿತು. ಕಿಟಕಿ ತೆರೆದಿತ್ತು, ಗಾಳಿ ಇರಬಹುದು.

ಹಿರಿಯರು ಉಣ್ಣುವಾಗ ನೋಡಬಾರದೆಂದು ನಮ್ಮಲ್ಲಿ ಬಾಗಿಲು ಮುಂದೆ ಮಾಡಿ ಹೊರಗೆ ಕೂರುತ್ತಾರೆ. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಮಧ್ಯಾಹ್ನದ ಬಿಸಿಲು, ಓಣಿಯ ಎಲ್ಲ ಮನೆಗಳ ಬಾಗಿಲೂ ಹಾಕಿದ್ದವು, ಎಲ್ಲರ ಮನೆಯಲ್ಲೂ ಸತ್ತವರು ಊಟಕ್ಕೆ ಕೂತಿದ್ದರು. ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರುಮನೆಯವರು ಬಾಗಿಲು ತೆಗೆದರು, ಪಕ್ಕದವರೂ ತೆಗೆದರು. ಸಾಕಾಯಿತು ಅಂದುಕೊಂಡು ನಾನೂ ಏಳಲು ಹೋದೆ. ಅಪ್ಪ ನನ್ನ ಕೈ ಹಿಡಿದು ಕೂರಿಸಿದ. ಮುಖ ಬಾಗಿಲಿನ ಕಡೆಗೇ ಇತ್ತು.

"ತಡಿಯವಾ," ಅಂದ. "ಅಕಿ ಸಾವಕಾಶ ಉಣ್ತಾಳ."